ಗಾರ್ಸಿಯಾ ಯಾರ ಮನೆತನ?

ಗೇಬ್ರಿಯಲ್ ಗಾರ್ಸಿಯಾ ಮಾರ್ಕ್ವೆಜ್ ಅವರನ್ನು ಕನ್ನಡದ ಓದುಗರು ಮಾರ್ಕ್ವೆಜ್ ಎಂದೇ ಕರೆಯುತ್ತಾ ಬಂದಿದ್ದಾರೆ. ಫೆಡರಿಕೊ ಗಾರ್ಸಿಯಾ ಲೋರ್ಕಾ ನಮಗೆ ಬರೀ ಲೋರ್ಕಾ. ಎರಡೂ ಅವರವರ ತಾಯಿಯ ತವರಿನಿಂದ ಬಂದ ಹೆಸರುಗಳು. ಸ್ಪ್ಯಾನಿಷ್ ಪದ್ಧತಿಯಲ್ಲಿ ಪ್ರತಿಯೊಬ್ಬರಿಗೂ ಎರಡು ಅಡ್ಡಹೆಸರು: ಮೊದಲು ತಂದೆಯ ಕಡೆಯದು, ಅದರ ಬೆನ್ನಿಗೆ ತಾಯಿಯ ಕಡೆಯದು. ಆ ಲೆಕ್ಕದಲ್ಲಿ ಇಬ್ಬರೂ ಗಾರ್ಸಿಯಾಗಳು. ಗ್ರಂಥಾಲಯದ ಪಟ್ಟಿಗಳಲ್ಲಿ ಅವರ ಪುಸ್ತಕಗಳು ಗಾರ್ಸಿಯಾ ಎಂಬ ಹೆಸರಿನ ಕೆಳಗೇ ಸಿಗಬೇಕು. ಲೋರ್ಕಾ ವಿಷಯದಲ್ಲಿ ಸ್ಪೇನಿನವರೂ ನಮ್ಮ ಹಾಗೆಯೇ ಮಾಡಿದರು. ಕಾರಣ ಸರಳ. ಗಾರ್ಸಿಯಾ ಎಂದರೆ ಅಲ್ಲಿ ಯಾರನ್ನೂ ಗುರುತಿಸಿದ ಹಾಗಾಗುವುದಿಲ್ಲ. ಸ್ಪೇನಿನಲ್ಲಿ ಅದೇ ಅತಿ ಹೆಚ್ಚು ಬಳಕೆಯ ಅಡ್ಡಹೆಸರು; ತಂದೆಯ ಕಡೆಯಿಂದ ಅದನ್ನು ಪಡೆದವರೇ 14 ಲಕ್ಷಕ್ಕೂ ಹೆಚ್ಚು, ಅಂದರೆ ನೂರಕ್ಕೆ ಸುಮಾರು ಮೂವರು. ತಂದೆ ತಾಯಿ ಇಬ್ಬರಿಂದಲೂ ಅದೇ ಬಂದು ‘ಗಾರ್ಸಿಯಾ ಗಾರ್ಸಿಯಾ’ ಆದವರು ಹತ್ತಾರು ಸಾವಿರ. ಮೆಕ್ಸಿಕೊದಲ್ಲಿ ಹೆರ್ನಾಂಡೆಜ್ ನಂತರದ ಸ್ಥಾನ ಇದರದು. ಫಿಲಿಪ್ಪೀನ್ಸಿನಲ್ಲೂ ಮೊದಲ ಸಾಲಿನಲ್ಲಿದೆ. ಅಮೆರಿಕದ 2010ರ ಜನಗಣತಿಯಲ್ಲಿ 11,66,120 ಜನ ಗಾರ್ಸಿಯಾಗಳು ಸಿಕ್ಕರು. ಸ್ಮಿತ್, ಜಾನ್ಸನ್, ವಿಲಿಯಮ್ಸ್, ಬ್ರೌನ್, ಜೋನ್ಸ್ ಬಿಟ್ಟರೆ ಆರನೆಯ ಸ್ಥಾನ.

ಒಂದು ಹೆಸರು ಇಷ್ಟು ಹಬ್ಬಿದಾಗ ಮನಸ್ಸು ಎರಡು ವಿವರಣೆಗಳ ಕಡೆಗೆ ವಾಲುತ್ತದೆ. ಒಂದು, ಇದು ಯಾವುದೋ ದೊಡ್ಡ ವಂಶ, ಸಂತಾನ ಬೆಳೆದು ಬೆಳೆದು ಖಂಡ ದಾಟಿದೆ ಎನ್ನುವುದು. ಇನ್ನೊಂದು, ಹೆಸರಿನ ಅರ್ಥದಲ್ಲೇ ಏನೋ ಹಿರಿಮೆ ಇದ್ದಿರಬೇಕು ಎನ್ನುವುದು. ಇವೆರಡನ್ನೂ ಬಿಡಬೇಕು ಎಂಬುದು ನನ್ನ ವಾದ. ಗಾರ್ಸಿಯಾ ಎಂಬ ಮನೆತನ ಎಂದೂ ಇರಲಿಲ್ಲ. ಒಬ್ಬರಿಗೊಬ್ಬರು ಸಂಬಂಧವಿಲ್ಲದ ಸಾವಿರಾರು ಕುಟುಂಬಗಳನ್ನು ಒಂದೇ ಹೆಸರಿನಡಿ ತಂದದ್ದು ಪಾದ್ರಿಯ, ಕಂದಾಯದವನ, ಗವರ್ನರನ ದಾಖಲೆ ಪುಸ್ತಕ. ಈ ಹೆಸರಿನ ಜನಪ್ರಿಯತೆಯ ಚರಿತ್ರೆ ಎಂದರೆ ಹೆಸರು ಬರೆದುಕೊಂಡವರ ಚರಿತ್ರೆ.

ಮೂಲದಿಂದ ನೋಡೋಣ. ಗಾರ್ಸಿಯಾ ಮೊದಲಿಗೆ ಅಡ್ಡಹೆಸರೇ ಆಗಿರಲಿಲ್ಲ. ತೊಟ್ಟಿಲಲ್ಲಿ ಇಡುತ್ತಿದ್ದ ಹೆಸರು. ಪಿರನೀಸ್ ಬೆಟ್ಟಸಾಲಿನ ತಪ್ಪಲಿನ ಪಾಂಪ್ಲೋನಾ ರಾಜ್ಯದ ಅರಸರ ಪಟ್ಟಿ ಇದಕ್ಕೆ ಒಳ್ಳೆಯ ಪುರಾವೆ. 905ರಲ್ಲಿ ಅಲ್ಲಿ ಪಟ್ಟಕ್ಕೆ ಬಂದವನು ಸಾಂಚೊ ಗಾರ್ಸೆಸ್. ಅವನ ತಂದೆ ಗಾರ್ಸಿಯಾ ಹಿಮೆನೆಜ್. ಅವನ ಮಗ, 970ರವರೆಗೆ ಆಳಿದವನು, ಗಾರ್ಸಿಯಾ ಸಾಂಚೆಜ್. ಮೊಮ್ಮಗ ಮತ್ತೆ ಸಾಂಚೊ ಗಾರ್ಸೆಸ್. ಒಂದೇ ರಕ್ತದ ನಾಲ್ಕು ತಲೆಮಾರು. ಎರಡನೆಯ ಹೆಸರು ಮಾತ್ರ ಪ್ರತಿ ತಲೆಗೂ ಬದಲು. ಹಿಮೆನೊ ಎಂಬುವನ ಮಗ ಹಿಮೆನೆಜ್, ಗಾರ್ಸಿಯಾನ ಮಗ ಗಾರ್ಸೆಸ್, ಸಾಂಚೊನ ಮಗ ಸಾಂಚೆಜ್. ಕೊನೆಯ ‘ಎಜ್’ ಅಥವಾ ‘ಎಸ್’ ಹೇಳುವುದು ಇಂಥವನ ಮಗ ಎಂಬುದನ್ನು ಮಾತ್ರ. ಅದು ಆಗ ವಂಶದ ಗುರುತಾಗಿರಲಿಲ್ಲ, ಅಪ್ಪ ಯಾರೆಂಬ ಪ್ರಶ್ನೆಗೆ ಉತ್ತರವಾಗಿತ್ತು. ವ್ಯಾಕರಣದ ಕ್ರಮ ಬಿಗಿಯಾಗಿದ್ದಿದ್ದರೆ ಇವತ್ತು ಲಕ್ಷಗಟ್ಟಲೆ ಇರಬೇಕಾದವರು ಗಾರ್ಸೆಸ್‌ಗಳು. ಆದರೆ ಸ್ಪೇನಿನಲ್ಲಿ ಮಾರ್ಟಿನ್, ಅಲೊನ್ಸೊ ಮುಂತಾದ ಕೆಲವು ಹೆಸರುಗಳನ್ನು ಬಾಲವಿಲ್ಲದೆ ಹಾಗೆಯೇ ಮಗನ ಹೆಸರಿನ ಮುಂದೆ ಸೇರಿಸುವ ರೂಢಿಯೂ ಇತ್ತು. ಗಾರ್ಸಿಯಾ ಆ ಗುಂಪಿಗೆ ಸೇರಿತು. ಗಾರ್ಸೆಸ್ ಹಿಂದೆ ಬಿತ್ತು.

ಇನ್ನು ಅರ್ಥ. ಹೆಸರು ಬಾಸ್ಕ್ ಭಾಷೆಯ ಸೀಮೆಯಿಂದ ಬಂದಿರಬಹುದು ಎಂಬುದು ಬಹುಮಟ್ಟಿಗೆ ಒಪ್ಪಿತ ಅಭಿಪ್ರಾಯ. ಅದರಾಚೆಗೆ ಭಾಷಾಶಾಸ್ತ್ರಜ್ಞರಲ್ಲಿ ಒಮ್ಮತವಿಲ್ಲ. ಕೆಲವರು ಬಾಸ್ಕ್‌ನಲ್ಲಿ ಕರಡಿಗೆ ಇರುವ ‘ಹಾರ್ಟ್ಸ್’ ಎಂಬ ಪದದಿಂದ ಬಂತೆನ್ನುತ್ತಾರೆ. ಇನ್ನು ಕೆಲವರು ಎಳೆಯ, ತರುಣ ಎಂಬರ್ಥದ ‘ಗಾಸ್ತೆಯ’ ಎಂಬುದರಿಂದ ಎನ್ನುತ್ತಾರೆ. ಎರಡನೆಯದು ನನಗೆ ಹೆಚ್ಚು ಸಹಜವೆನಿಸುತ್ತದೆ, ಏಕೆಂದರೆ ಅಪ್ಪ ಮಗ ಒಂದೇ ಮನೆಯಲ್ಲಿರುವಾಗ ಚಿಕ್ಕವನೆಂದು ಕರೆಯುವುದು ಎಲ್ಲ ಜನಪದದಲ್ಲೂ ಉಂಟು. ಆದರೆ ಈ ಜಗಳ ಯಾರ ಪರ ತೀರ್ಮಾನವಾದರೂ ಹೆಸರಿನ ಹರಡುವಿಕೆಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಕ್ಯಾಸ್ಟೀಲಿನ ರೈತನೊಬ್ಬ ಮಗನಿಗೆ ಗಾರ್ಸಿಯಾ ಎಂದು ಹೆಸರಿಡುವಾಗ ಅವನಿಗೆ ಬಾಸ್ಕ್ ಬರುತ್ತಿರಲಿಲ್ಲ. ರಾಜರೂ ಸರದಾರರೂ ಇಟ್ಟುಕೊಂಡಿದ್ದರು, ಸೋದರಮಾವನಿಗೋ ನೆರೆಯವನಿಗೋ ಇತ್ತು, ಆದ್ದರಿಂದ ಇಟ್ಟ. ರೊಡ್ರಿಗೆಜ್ ಎಂಬುದರ ಹಿಂದಿರುವ ರೊಡ್ರಿಗೊ, ಹೆರ್ನಾಂಡೆಜ್ ಹಿಂದಿರುವ ಫೆರ್ನಾಂಡೊ ಇವು ಗಾಥ್ ಜನರಿಂದ ಬಂದ ಜರ್ಮಾನಿಕ್ ಹೆಸರುಗಳು. ಅವುಗಳಲ್ಲಿ ಕೀರ್ತಿ, ಬಲ, ಸಾಹಸ ಎಲ್ಲ ಅರ್ಥಗಳೂ ತುಂಬಿವೆ. ಅವನ್ನು ಹೊತ್ತವರಿಗೆ ಅದೂ ಗೊತ್ತಿರಲಿಲ್ಲ.

ಗಾರ್ಸಿಯಾ ಬಹುಕಾಲ ಮೊದಲ ಹೆಸರಾಗಿಯೇ ಉಳಿದಿತ್ತು ಎಂಬುದಕ್ಕೆ ನಮ್ಮ ಪಕ್ಕದ ಗೋವೆಯಲ್ಲೇ ಸಾಕ್ಷಿಯಿದೆ. 1534ರಲ್ಲಿ ಅಲ್ಲಿಗೆ ಬಂದಿಳಿದ ಪೋರ್ಚುಗೀಸ್ ವೈದ್ಯ ಗಾರ್ಸಿಯಾ ದ ಓರ್ತ, ಅಹಮದ್‌ನಗರದ ಸುಲ್ತಾನ ಬುರ್ಹಾನ್ ನಿಜಾಮ್ ಶಾಹನಿಗೆ ಚಿಕಿತ್ಸೆ ಕೊಟ್ಟವನು, ಭಾರತದ ಮೂಲಿಕೆ ಮತ್ತು ಮಸಾಲೆಗಳ ಮೇಲೆ 1563ರಲ್ಲಿ ಗೋವೆಯಲ್ಲೇ ಪುಸ್ತಕ ಅಚ್ಚು ಹಾಕಿಸಿದವನು. ಅವನ ಕುಟುಂಬದ ಹೆಸರು ಓರ್ತ; ಗಾರ್ಸಿಯಾ ಅವನಿಗಿಟ್ಟ ಹೆಸರು. ಅವನ ತಂದೆ ತಾಯಿ 1492ರಲ್ಲಿ ಸ್ಪೇನಿನಿಂದ ಹೊರದಬ್ಬಿಸಿಕೊಂಡು ಪೋರ್ಚುಗಲ್ ಸೇರಿದ ಯಹೂದಿಗಳು, ಅಲ್ಲಿ ಬಲವಂತಕ್ಕೆ ಕ್ರೈಸ್ತರಾದವರು. ಓರ್ತ 1568ರಲ್ಲಿ ತೀರಿಕೊಂಡ. ಮರುವರ್ಷ ಅವನ ತಂಗಿ ಕತಾರಿನಾಳನ್ನು ಗೋವೆಯ ಇನ್‌ಕ್ವಿಸಿಷನ್ ನ್ಯಾಯಾಲಯ ಸುಟ್ಟಿತು, 1580ರಲ್ಲಿ ಅವನ ಎಲುಬುಗಳನ್ನೂ ಸಮಾಧಿಯಿಂದ ತೆಗೆಸಿ ಸುಟ್ಟಿತು. ಪಾಂಪ್ಲೋನಾದ ಅರಸನ ಹೆಸರನ್ನೇ ಹೊತ್ತ ಈ ಗಾರ್ಸಿಯಾನಿಗೂ ಆ ಅರಸನಿಗೂ ಏನೇನೂ ಸಂಬಂಧವಿರಲಿಲ್ಲ. ಹೆಸರಿನ ಆಧಾರದ ಮೇಲೆ ವಂಶ ಕಟ್ಟಲು ಹೊರಟವರು ಇದನ್ನು ಮೊದಲು ನೆನಪಿಟ್ಟುಕೊಳ್ಳಬೇಕು.

ಹಾಗಾದರೆ ಅಡ್ಡಹೆಸರು ಗಟ್ಟಿಯಾದದ್ದು ಯಾವಾಗ? ಹದಿನಾರು, ಹದಿನೇಳನೆಯ ಶತಮಾನದಲ್ಲೂ ಅದು ಗಟ್ಟಿಯಾಗಿರಲಿಲ್ಲ. 1539ರಲ್ಲಿ ಪೆರುವಿನ ಕುಸ್ಕೊದಲ್ಲಿ ಸ್ಪ್ಯಾನಿಷ್ ಕ್ಯಾಪ್ಟನ್ ಸೆಬಾಸ್ಟಿಯನ್ ಗಾರ್ಸಿಲಾಸೊ ದೆ ಲಾ ವೇಗನಿಗೂ ಇಂಕಾ ರಾಜವಂಶದ ಚಿಂಪು ಒಕ್ಯೊಳಿಗೂ ಒಬ್ಬ ಮಗ ಹುಟ್ಟಿದ. ಅವನಿಗಿಟ್ಟ ಹೆಸರು ಗೋಮೆಸ್ ಸುವಾರೆಜ್ ದೆ ಫಿಗೆರೊವ. ಅದರಲ್ಲಿ ತಂದೆಯ ಬಳಕೆಯ ಹೆಸರೂ ಇಲ್ಲ, ತಾಯಿಯದೂ ಇಲ್ಲ. ತಂದೆಯ ಬಳಗದ ಹಿರಿಯರದು. ಸ್ಪೇನಿಗೆ ಹೋದ ಮೇಲೆ, 1563ರಲ್ಲಿ, ಅವನೇ ತನ್ನ ಹೆಸರನ್ನು ಬದಲಿಸಿಕೊಂಡು ಗಾರ್ಸಿಲಾಸೊ ದೆ ಲಾ ವೇಗ ಆದ. ಇಂಕಾಗಳ ಚರಿತ್ರೆ ಬರೆದ ಇಂಕಾ ಗಾರ್ಸಿಲಾಸೊ ಎಂದು ಜಗತ್ತು ಬಲ್ಲದ್ದು ಇವನನ್ನೇ. ಗಾರ್ಸಿಲಾಸೊ ಎಂದರೆ ಗಾರ್ಸಿ ಮತ್ತು ಲಾಸೊ ಕೂಡಿದ್ದು. ಇಲ್ಲೂ ಗಾರ್ಸಿಯಾ ಇಟ್ಟ ಹೆಸರಿನ ಜಾಗದಲ್ಲೇ ಕೂತಿದೆ. 1599ರಲ್ಲಿ ಸೆವಿಲ್ಲೆಯಲ್ಲಿ ಹುಟ್ಟಿದ ಚಿತ್ರಕಾರ ಡಿಯೇಗೊ ವೆಲಾಸ್ಕೆಜ್‌ನ ತಂದೆ ರೊಡ್ರಿಗೆಜ್ ದೆ ಸಿಲ್ವ. ವೆಲಾಸ್ಕೆಜ್ ತಾಯಿಯ ಹೆಸರು. ಒಂದೇ ಮನೆಯ ಅಣ್ಣತಮ್ಮಂದಿರು ಬೇರೆ ಬೇರೆ ಅಡ್ಡಹೆಸರು ಬಳಸುವುದು, ಆಸ್ತಿ ಬಿಟ್ಟುಹೋದ ಅಜ್ಜಿಯ ಹೆಸರನ್ನು ಹಿಡಿಯುವುದು ಆ ಕಾಲದ ಸ್ಪೇನಿನಲ್ಲಿ ತಪ್ಪೆನಿಸುತ್ತಿರಲಿಲ್ಲ. ಇಂಥ ಕಾಲದಿಂದ ಗಾರ್ಸಿಯಾ ಎಂಬ ಹೆಸರಿನ ಎಳೆ ಹಿಡಿದು ಹಿಂದಕ್ಕೆ ಹೋದರೆ ಎಲ್ಲಿ ರಕ್ತದ ಎಳೆ ಕಡಿಯಿತೆಂದು ತಿಳಿಯುವುದೇ ಇಲ್ಲ.

ಗಟ್ಟಿ ಮಾಡಿದ್ದು ದಾಖಲೆ. 1563ರಲ್ಲಿ ಟ್ರೆಂಟ್ ಮಹಾಸಭೆ ಪ್ರತಿ ಚರ್ಚಿನಲ್ಲೂ ಮದುವೆಯ ಪುಸ್ತಕ ಇಡಬೇಕೆಂದಿತು. ಮರುವರ್ಷವೇ ಎರಡನೆಯ ಫಿಲಿಪ್ ಅರಸ ಆ ಸಭೆಯ ನಿರ್ಣಯಗಳನ್ನು ಸ್ಪೇನಿನ ಕಾನೂನಾಗಿಸಿದ. ಹತ್ತಿರದ ಸಂಬಂಧದಲ್ಲಿ ಮದುವೆಯಾಗುತ್ತಿಲ್ಲ ಎಂದು ತೋರಿಸಲು ಅಪ್ಪ, ಅಜ್ಜ, ಅವರ ಅಡ್ಡಹೆಸರು ಬರೆಸಬೇಕಾಯಿತು. ಒಮ್ಮೆ ಬರೆದದ್ದನ್ನು ಮುಂದಿನ ಪುಟದಲ್ಲಿ ಪಾದ್ರಿ ಹಾಗೇ ನಕಲು ಮಾಡಿದ. 1871ರಿಂದ ಸರ್ಕಾರದ ಸಿವಿಲ್ ರಿಜಿಸ್ಟರ್ ಶುರುವಾಗಿ ಎರಡು ಅಡ್ಡಹೆಸರಿನ ಪದ್ಧತಿ ಕಾನೂನಿನ ಬಲ ಪಡೆಯಿತು. ಇದು ದೂರದ ಚರಿತ್ರೆ ಎಂದು ಕನ್ನಡಿಗರು ಅಂದುಕೊಳ್ಳಬೇಕಿಲ್ಲ. ಹಳೆ ಮೈಸೂರು ಸೀಮೆಯಲ್ಲಿ ಊರಿನದೊಂದು, ಅಪ್ಪನದೊಂದು ಇನಿಷಿಯಲ್ ಇಟ್ಟುಕೊಂಡು ನಿಶ್ಚಿಂತೆಯಿಂದ ಇದ್ದವರು ಪಾಸ್‌ಪೋರ್ಟ್ ಅರ್ಜಿಯಲ್ಲಿ ‘ಸರ್‌ನೇಮ್’ ಎಂಬ ಖಾನೆ ಕಂಡು ಅಪ್ಪನ ಹೆಸರನ್ನೋ ಊರಿನ ಹೆಸರನ್ನೋ ತುಂಬಿದರು. ಅಮೆರಿಕದಲ್ಲಿ ಹುಟ್ಟಿದ ಅವರ ಮಕ್ಕಳಿಗೆ ಅದೇ ಲಾಸ್ಟ್ ನೇಮ್. ಮೂರ್ತಿ, ರಾವ್, ಗೌಡ ಎಂಬುವು ಹೀಗೆ ಎಷ್ಟೋ ಸಂಬಂಧವಿಲ್ಲದ ಕುಟುಂಬಗಳ ಮೇಲೆ ಕೂತಿವೆ. ಆ ಖಾನೆ ಗಾರ್ಸಿಯಾಗಳ ಪಾಲಿಗೆ ನಾಲ್ಕು ಶತಮಾನ ಮೊದಲೇ ಬಂದಿತ್ತು, ಅಷ್ಟೇ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದು ಹಗುರವಾದದ್ದಲ್ಲ. ಕಾಗದದ ಮೇಲೆ ಏನೇ ಆಗಿರಲಿ, ಅಷ್ಟು ಜನರಲ್ಲಿ ಬಹುಪಾಲು ಎಲ್ಲೋ ಒಂದು ಕಡೆ ಒಂದೇ ಬೇರಿಗೆ ಸೇರಬಹುದಲ್ಲವೇ? ತಂದೆಯಿಂದ ಮಗನಿಗೆ ಅಡ್ಡಹೆಸರಿನ ಜೊತೆಯಲ್ಲೇ ವೈ ಕ್ರೋಮೋಸೋಮ್ ಕೂಡ ದಾಟುತ್ತದೆ, ಆದ್ದರಿಂದ ಇದನ್ನು ಪರೀಕ್ಷಿಸಲು ಸಾಧ್ಯ. ಸ್ಪೇನಿನಲ್ಲಿ ನಡೆದಿರುವ ಇಂಥ ಸಂಶೋಧನೆ ಕೊಟ್ಟ ಉತ್ತರ ಸ್ಪಷ್ಟ. ಅಪರೂಪದ ಅಡ್ಡಹೆಸರಿನ ಗಂಡಸರಲ್ಲಿ ಕ್ರೋಮೋಸೋಮ್ ಹೋಲಿಕೆ ಸಾಕಷ್ಟು ಕಾಣುತ್ತದೆ, ಅಂದರೆ ಅವರಿಗೆ ಒಬ್ಬ ಮೂಲಪುರುಷ ಇದ್ದಿರುವ ಸಾಧ್ಯತೆ ಹೆಚ್ಚು. ಹೆಸರು ಹೆಚ್ಚು ಬಳಕೆಯದಾದಷ್ಟೂ ಹೋಲಿಕೆ ಕರಗುತ್ತಾ ಹೋಗಿ, ತುಂಬ ಸಾಮಾನ್ಯ ಹೆಸರಿನವರಲ್ಲಿ ಬೀದಿಯಿಂದ ಯಾರೋ ಇಬ್ಬರನ್ನು ಕರೆತಂದರೆ ಸಿಗುವಷ್ಟೇ ಹೋಲಿಕೆ ಉಳಿಯುತ್ತದೆ. ಇಂಗ್ಲೆಂಡಿನಲ್ಲಿ ಸ್ಮಿತ್ ಎಂಬ ಹೆಸರಿನವರ ಮೇಲೆ ನಡೆದ ಅಧ್ಯಯನವೂ ಇದನ್ನೇ ಹೇಳಿತು.

ಇನ್ನೊಂದು ಆಕ್ಷೇಪ ಗಣಿತದ್ದು. 1870ರ ದಶಕದಲ್ಲಿ ಫ್ರಾನ್ಸಿಸ್ ಗಾಲ್ಟನ್ ಮತ್ತು ಹೆನ್ರಿ ವಾಟ್ಸನ್ ಇಂಗ್ಲೆಂಡಿನ ಹಳೆಯ ಮನೆತನಗಳ ಹೆಸರು ಏಕೆ ನಶಿಸುತ್ತವೆ ಎಂದು ಲೆಕ್ಕ ಹಾಕಿದರು. ಗಂಡುಮಕ್ಕಳಿಲ್ಲದೆ ಹೋಗುವ ತಲೆಮಾರು ಯಾವ ವಂಶದಲ್ಲಾದರೂ ಬರಬಹುದು. ಹೊತ್ತವರು ಕಡಿಮೆಯಿದ್ದ ಹೆಸರು ಅಲ್ಲಿಗೆ ಮುಗಿಯುತ್ತದೆ, ಹೆಚ್ಚಿದ್ದ ಹೆಸರು ಬದುಕುತ್ತದೆ. ಹಾಗಿದ್ದರೆ ಗಾರ್ಸಿಯಾದ ಗೆಲುವು ಬರೀ ಆಕಸ್ಮಿಕ, ಪಾದ್ರಿಗೂ ಗವರ್ನರನಿಗೂ ಯಾಕೆ ಹೊರಿಸಬೇಕು ಎಂದು ಕೇಳಬಹುದು. ಆಕಸ್ಮಿಕದ ಪಾಲನ್ನು ನಾನು ಒಪ್ಪುತ್ತೇನೆ. ಆದರೆ ಲಾಟರಿಯಲ್ಲಿ ಹೆಚ್ಚು ಚೀಟಿ ಹಿಡಿದು ಬಂದವನ ಬಗ್ಗೆ, ಅಷ್ಟು ಚೀಟಿ ಅವನ ಕೈಗೆ ಹೇಗೆ ಬಂದವು ಎಂದು ಕೇಳಲೇಬೇಕು. ಹೆಸರು ಗಟ್ಟಿಯಾಗುವ ಹೊತ್ತಿಗೆ ಊರೂರಲ್ಲಿ ಗಾರ್ಸಿಯಾ ಎಂಬ ಅಪ್ಪಂದಿರಿದ್ದರು, ಅವರ ಮಕ್ಕಳು ಬೇರೆ ಬೇರೆ ಚರ್ಚುಗಳಲ್ಲಿ ಒಂದೇ ಹೆಸರಿನಿಂದ ದಾಖಲಾದರು. ಆಕಸ್ಮಿಕ ಕೆಲಸ ಮಾಡಿದ್ದು ಅದಾದ ಮೇಲೆ.

ಸಮುದ್ರ ದಾಟಿದ ಮೇಲಂತೂ ರಕ್ತದ ಮಾತೇ ಬೇಡ. ಅಮೆರಿಕ ಖಂಡಗಳಲ್ಲಿ ಮೂಲನಿವಾಸಿಗಳಿಗೆ ಜ್ಞಾನಸ್ನಾನ ಕೊಡುವಾಗ ಸ್ಪ್ಯಾನಿಷ್ ಹೆಸರು ಬಂತು. ಪಾದ್ರಿಯದೋ, ಜೊತೆಗೆ ನಿಂತ ಸ್ಪೇನಿನವನದೋ, ಜಮೀನಿನ ಒಡೆಯನದೋ ಅಡ್ಡಹೆಸರು ಎಷ್ಟೋ ಸಲ ಅದರ ಬೆನ್ನಿಗೇ ಬಂತು. ಆಫ್ರಿಕಾದಿಂದ ಗುಲಾಮರಾಗಿ ತರಲ್ಪಟ್ಟವರಿಗೂ ಹೀಗೆಯೇ. ಮೆಕ್ಸಿಕೊದ ಅಧ್ಯಕ್ಷನಾದ ಬೆನಿಟೊ ಹ್ವಾರೆಜ್ 1806ರಲ್ಲಿ ಒಹಾಕಾದ ಸಪೊಟೆಕ್ ಹಳ್ಳಿಯೊಂದರಲ್ಲಿ ಹುಟ್ಟಿದವನು, ಚಿಕ್ಕಂದಿನಲ್ಲಿ ಸ್ಪ್ಯಾನಿಷ್ ಬಾರದವನು. ಬೊಲಿವಿಯಾದ ಅಧ್ಯಕ್ಷರಾಗಿದ್ದ ಐಮಾರಾ ಸಮುದಾಯದ ಇವೊ ಮೊರಾಲೆಸ್ ಅವರ ಹೆಸರೂ ಸ್ಪೇನಿನದೇ. ಇದಕ್ಕೆ ಅಪವಾದ ತೋರಿಸುವವರು ಯುಕಾಟಾನ್ ಕಡೆ ಬೆರಳು ಮಾಡುತ್ತಾರೆ. ಅಲ್ಲಿ ಪೆಚ್, ಚಾನ್, ಕನುಲ್, ಜುಲ್ ಎಂಬ ಮಾಯಾ ಅಡ್ಡಹೆಸರುಗಳು ಇವತ್ತಿಗೂ ಸಾಮಾನ್ಯ. ಅಪವಾದ ನಿಜ, ಆದರೆ ಅದು ನನ್ನ ಮಾತನ್ನೇ ಬಲಪಡಿಸುತ್ತದೆ. ಯುಕಾಟಾನಿನ ಮಾಯಾ ಜನರಲ್ಲಿ ತಂದೆಯಿಂದ ಮಕ್ಕಳಿಗೆ ಬರುವ ಕುಲದ ಹೆಸರು ಸ್ಪೇನಿನವರು ಬರುವ ಮೊದಲೇ ಇತ್ತು. ಪಾದ್ರಿಗಳು ಅದನ್ನೇ ಪುಸ್ತಕಕ್ಕೆ ಇಳಿಸಿದರು, ಅದು ಉಳಿಯಿತು. ಬರೆದದ್ದು ಉಳಿಯುತ್ತದೆ ಎಂಬ ನಿಯಮ ಅಲ್ಲೂ ಮುರಿಯಲಿಲ್ಲ.

ಈ ನಿಯಮವನ್ನು ಬೆತ್ತಲೆಯಾಗಿ ನೋಡಬೇಕೆಂದರೆ ಫಿಲಿಪ್ಪೀನ್ಸಿಗೆ ಹೋಗಬೇಕು. ಅಲ್ಲಿನ ಗವರ್ನರ್ ಜನರಲ್ ನಾರ್ಸಿಸೊ ಕ್ಲಾವೇರಿಯಾ 1849ರ ನವೆಂಬರ್ 21ರಂದು ಒಂದು ಆಜ್ಞೆ ಹೊರಡಿಸಿದ. ಅಡ್ಡಹೆಸರಿಲ್ಲದ ಜನ ತಮಗೆ ತೋಚಿದ ಸಂತರ ಹೆಸರನ್ನು ಹಚ್ಚಿಕೊಂಡು, ದೆ ಲಾ ಕ್ರೂಸ್, ದೆ ಲೋಸ್ ಸಾಂತೋಸ್ ಎಂದು ಸಾವಿರಾರು ಜನ ಒಂದೇ ಹೆಸರಿನವರಾಗಿ, ಕಂದಾಯಕ್ಕೂ ಕೋರ್ಟಿಗೂ ಯಾರು ಯಾರೆಂದು ತಿಳಿಯದಂತಾಗಿದೆ ಎಂಬುದು ಅವನ ದೂರು. ಪರಿಹಾರವಾಗಿ ಸುಮಾರು 60,000 ಅಡ್ಡಹೆಸರುಗಳ ಅಕಾರಾದಿ ಪಟ್ಟಿಯೊಂದನ್ನು ತಯಾರಿಸಲಾಯಿತು. ಸ್ಪೇನಿನ ಹೆಸರುಗಳ ಜೊತೆಗೆ ದ್ವೀಪಗಳ ಗಿಡಮರ, ಖನಿಜ, ಊರು, ಕಸುಬುಗಳ ಪದಗಳೂ ಅದರಲ್ಲಿದ್ದವು. ಪಟ್ಟಿಯ ಭಾಗಗಳನ್ನು ಪ್ರಾಂತ್ಯಗಳಿಗೆ, ಅಲ್ಲಿಂದ ಊರುಗಳಿಗೆ ಹಂಚಿದರು; ಪಾದ್ರಿಯೂ ಊರ ಮುಖ್ಯಸ್ಥನೂ ಕೂತು ಮನೆಮನೆಗೆ ಒಂದೊಂದು ಹೆಸರು ಕೊಟ್ಟರು. ಆಲ್ಬೈ ಪ್ರಾಂತ್ಯದ ಓಯಾಸ್ ಎಂಬ ಊರಿನಲ್ಲಿ ‘ರ’ಕಾರದ ಅಡ್ಡಹೆಸರುಗಳೇ ತುಂಬಿರುವುದು ಈ ಹಂಚಿಕೆಯ ಗುರುತು. ನಾಲ್ಕು ತಲೆಮಾರಿನಿಂದ ಒಂದು ಹೆಸರು ನಡೆಸಿಕೊಂಡು ಬಂದವರು ಅದನ್ನೇ ಉಳಿಸಿಕೊಳ್ಳಬಹುದಿತ್ತು. ಶಾಲೆಯ ಮೇಷ್ಟ್ರು ಮಕ್ಕಳನ್ನು ಹೊಸ ಅಡ್ಡಹೆಸರಿನಿಂದಲೇ ಕರೆಯಬೇಕು, ಮಕ್ಕಳೂ ಅದನ್ನೇ ಬಳಸಬೇಕು ಎಂದೂ ಆಜ್ಞೆಯಿತ್ತು. 1957ರಿಂದ 1961ರವರೆಗೆ ಆ ದೇಶದ ಅಧ್ಯಕ್ಷರಾಗಿದ್ದ ಕಾರ್ಲೋಸ್ ಗಾರ್ಸಿಯಾ ಬೊಹೋಲ್ ದ್ವೀಪದವರು. ಅಲ್ಲಿನ ಲಕ್ಷಾಂತರ ಗಾರ್ಸಿಯಾಗಳಲ್ಲಿ ಬಹುಪಾಲಿಗೆ ಹೆಸರು ಬಂದದ್ದು ಜ್ಞಾನಸ್ನಾನದ ಪುಸ್ತಕದಿಂದ ಇಲ್ಲವೇ ಸರ್ಕಾರದ ಪಟ್ಟಿಯಿಂದ. ಪಿರನೀಸ್ ತಪ್ಪಲಿನ ಅರಸರಿಗೂ ಅವರಿಗೂ ನಡುವೆ ಇರುವುದು ಕಾಗದ ಮಾತ್ರ.

ಅಮೆರಿಕದ ಸಂಯುಕ್ತ ಸಂಸ್ಥಾನದಲ್ಲಿ ಗಾರ್ಸಿಯಾ 1990ರಲ್ಲಿ ಹದಿನೆಂಟನೆಯದಾಗಿತ್ತು, 2000ದಲ್ಲಿ ಎಂಟನೆಯದು, 2010ರಲ್ಲಿ ಆರನೆಯದು. ಇದನ್ನು ವಲಸೆಯ ಪ್ರವಾಹ ಎಂದು ಮಾತ್ರ ಓದುವವರು ಒಂದು ಅಂಶ ಬಿಡುತ್ತಾರೆ. ಹಿಸ್ಪಾನಿಕ್ ಜನರಲ್ಲಿ ಹೆಸರುಗಳ ವೈವಿಧ್ಯವೇ ಕಡಿಮೆ. 2000ದ ಗಣತಿಯಲ್ಲಿ 26 ಅಡ್ಡಹೆಸರುಗಳೇ ಆ ಸಮುದಾಯದ ಕಾಲುಭಾಗವನ್ನು ಒಳಗೊಂಡಿದ್ದವು. ಬೇರೆ ಸಮುದಾಯ ಅಷ್ಟೇ ಜನರೊಡನೆ ಬಂದಿದ್ದರೂ ಅದರ ಹೆಸರುಗಳು ಚದುರಿಹೋಗಿ ಪಟ್ಟಿಯ ಮೇಲ್ಭಾಗಕ್ಕೆ ಏರುತ್ತಿರಲಿಲ್ಲ. ಅಲ್ಲಿನ ಗಣತಿ ಇಲಾಖೆ 1950ರಲ್ಲಿ ನೈರುತ್ಯದ ಐದು ರಾಜ್ಯಗಳಲ್ಲಿ ಸ್ಪ್ಯಾನಿಷ್ ಅಡ್ಡಹೆಸರನ್ನೇ ಹಿಡಿದು ಜನರನ್ನು ಎಣಿಸಿತು. ಆದರೆ 2010ರ ಗಾರ್ಸಿಯಾಗಳಲ್ಲಿ ನೂರಕ್ಕೆ ಸುಮಾರು 92 ಮಂದಿ ಮಾತ್ರ ತಮ್ಮನ್ನು ಹಿಸ್ಪಾನಿಕ್ ಎಂದು ಬರೆಸಿದರು. ಉಳಿದವರು ಬೇರೆಯವರು, ಫಿಲಿಪ್ಪೀನ್ಸ್ ಮೂಲದವರೂ ಅವರಲ್ಲಿದ್ದಾರೆ. ಹೆಸರು ನೋಡಿ ಜನಾಂಗ ಹೇಳುವವರು ಎಂಟು ಜನರ ವಿಷಯದಲ್ಲಿ ತಪ್ಪುತ್ತಾರೆ, ಉಳಿದ 92 ಜನರ ವಂಶದ ವಿಷಯದಲ್ಲೂ ಅವರಿಗೆ ಏನೂ ತಿಳಿದಿರುವುದಿಲ್ಲ.

ಕರಾವಳಿಯವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಮಂಗಳೂರಿನ ರೊಡ್ರಿಗಸ್ ಮತ್ತು ಸ್ಪೇನಿನ ರೊಡ್ರಿಗೆಜ್ ಒಂದೇ ಹೆಸರಿನ ಎರಡು ರೂಪ. ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫೆರ್ನಾಂಡಿಸ್ ಅವರ ಅಡ್ಡಹೆಸರಿಗೂ ಮೆಕ್ಸಿಕೊದ ಹೆರ್ನಾಂಡೆಜ್‌ಗೂ ಮೂಲ ಒಂದೇ ಗಾಥಿಕ್ ಹೆಸರು. ಗೋವೆಯಲ್ಲಿ ಪೋರ್ಚುಗೀಸರ ಕಾಲದಲ್ಲಿ ಜ್ಞಾನಸ್ನಾನದೊಂದಿಗೆ ಬಂದ ಹೆಸರನ್ನು ಹೊತ್ತುಕೊಂಡೇ ಕೆನರಾಕ್ಕೆ ವಲಸೆ ಬಂದ ಕೊಂಕಣಿ ಕ್ರೈಸ್ತ ಕುಟುಂಬಗಳಲ್ಲಿ ಹಲವು, ತಮ್ಮ ಹಿಂದಿನ ಪ್ರಭು, ಕಾಮತ್, ಪೈ, ನಾಯಕ್ ಎಂಬ ಹೆಸರುಗಳನ್ನು ಇವತ್ತಿಗೂ ನೆನಪಿಟ್ಟುಕೊಂಡಿವೆ. ಅಡ್ಡಹೆಸರು ಒಂದು ಕಡೆಗೆ, ವಂಶ ಇನ್ನೊಂದು ಕಡೆಗೆ ಹೋಗುವುದು ಇಲ್ಲಿ ಮನೆಯೊಳಗಿನ ತಿಳಿವಳಿಕೆ.

ಹಾಗಾದರೆ ಇಂಥ ಅಡ್ಡಹೆಸರಿಗೆ ಬೆಲೆಯೇ ಇಲ್ಲವೇ ಎಂದು ಕೇಳಿದರೆ, ಇದೆ ಎನ್ನುತ್ತೇನೆ. ಯಾರೋ ಬರೆದುಕೊಟ್ಟ ಹೆಸರನ್ನು ಜನ ತಮ್ಮದಾಗಿಸಿಕೊಂಡರು. ಅದನ್ನು ಹೊತ್ತು ದುಡಿದರು, ಮಕ್ಕಳಿಗೆ ಬಿಟ್ಟುಹೋದರು. ಆ ಹೆಸರಿನಲ್ಲೇ ಕಾವ್ಯ, ಕಾದಂಬರಿಗಳು ಬಂದವು. ನಾನು ಒಪ್ಪದಿರುವುದು ಅದರ ಮೇಲೆ ಸುಳ್ಳು ವಂಶಾವಳಿ ಹೇರುವುದನ್ನು. ‘ಗಾರ್ಸಿಯಾ ಮನೆತನದ ಲಾಂಛನ’ ಎಂದು ಗುರಾಣಿ, ಗರುಡ ಬಿಡಿಸಿ ಚೌಕಟ್ಟು ಹಾಕಿ ಮಾರುವ ವ್ಯಾಪಾರ ಇವತ್ತು ಜೋರಾಗಿದೆ. ಸ್ಪೇನಿನಲ್ಲಿ ಲಾಂಛನ ಸಿಕ್ಕಿದ್ದು ಇಂಥ ಊರಿನ ಇಂಥ ಕುಟುಂಬಕ್ಕೆ. ಒಂದು ಅಡ್ಡಹೆಸರಿನ ಎಲ್ಲರಿಗೂ ಅದು ಎಂದೂ ಸೇರಿರಲಿಲ್ಲ. ಅಲ್ಲಿನ ಕಾನೂನು ಈಗ ತಂದೆಯ ಹೆಸರಿಗಿದ್ದ ಮೊದಲ ಹಕ್ಕನ್ನೂ ತೆಗೆದಿದೆ: 2017ರ ಜೂನ್ 30ರಿಂದ ಮಗುವಿನ ಎರಡು ಅಡ್ಡಹೆಸರಲ್ಲಿ ಯಾವುದು ಮೊದಲು ಎಂಬುದನ್ನು ತಂದೆ ತಾಯಿ ಒಟ್ಟಿಗೆ ತೀರ್ಮಾನಿಸಿ ಬರೆಸಬೇಕು. ಅವರು ಒಪ್ಪಂದಕ್ಕೆ ಬಾರದಿದ್ದರೆ ಮೂರು ದಿನ ಗಡುವು ಕೊಟ್ಟು, ಆಮೇಲೆ ನೋಂದಣಿ ಅಧಿಕಾರಿಯೇ ನಿರ್ಧರಿಸುತ್ತಾನೆ. ಗಾರ್ಸಿಯಾ ಆಗಲಿ ಫೆರ್ನಾಂಡಿಸ್ ಆಗಲಿ, ಹಿರಿಯರು ಯಾರೆಂದು ನಿಜವಾಗಿ ತಿಳಿಯಬೇಕೆನ್ನುವವರು ಲಾಂಛನ ಕೊಳ್ಳುವ ಹಣವನ್ನು ಉಳಿಸಿ, ತಮ್ಮ ಊರಿನ ಚರ್ಚಿನಲ್ಲಿ ಹಳೆಯ ಜ್ಞಾನಸ್ನಾನದ ಪುಸ್ತಕಗಳು ಗೆದ್ದಲಿಗೆ ಸಿಗದೆ ಉಳಿದಿವೆಯೇ ಎಂದು ವಿಚಾರಿಸಲಿ, ಉಳಿದಿದ್ದರೆ ಅವನ್ನು ಕಾಪಾಡಲು ಆ ಹಣ ಕೊಡಲಿ.